ಹಳೇ ಜಿಪ್ಸಿಗೆ ಅಗಲದ ಆಕ್ಸಲ್ ಕೂರಿಸಿ ಬ್ರೇಕ್ ಹೊಂದಿಸುವುದು

ಹಳೇ 970 ಸಿಸಿ ಜಿಪ್ಸಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಆಕ್ಸಲ್ ಹುಡುಕಿಕೊಂಡು ಶಿವಾಜಿನಗರದ ಗುಜರಿ ಬೀದಿಗೆ ಬಂದೇ ಬರುತ್ತಾರೆ. ಸಕಲೇಶಪುರದ ಕೆಸರಲ್ಲಿ ನಾಲ್ಕು ಮಳೆಗಾಲ ಓಡಿಸಿದರೆ ಸಾಕು, ಸೀಲ್ ಹೋಗಿ ಆಯಿಲ್ ಬ್ರೇಕ್ ಲೈನರ್ ಮೇಲೆ ಇಳಿದಿರುತ್ತದೆ, ಡ್ರಮ್ ತುಂಬ ಮಣ್ಣು. ಹೇಗೂ ಬಿಚ್ಚುತ್ತೇವಲ್ಲ, ಅಗಲದ ಆಕ್ಸಲ್ಲೇ ಹಾಕಿಬಿಡೋಣ, ಮುಂದೆ ಡಿಸ್ಕೂ ಸಿಗುತ್ತದೆ ಅನ್ನಿಸುವುದು ಸಹಜ. ನಾನೂ ಹಾಗೇ ಮಾಡಿದೆ. ಆಕ್ಸಲ್ ಕೂರಿಸಲು ಎರಡು ದಿನ ಹಿಡಿಯಿತು, ಬ್ರೇಕ್ ಸರಿಹೋಗಲು ಮೂರು ವಾರ. ಅದಕ್ಕೇ ಇಲ್ಲಿ ಬ್ರೇಕ್ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಖರೀದಿ. ಮಾರುತಿಯವರು ವೈಡ್‌ಟ್ರ್ಯಾಕ್ ಜಿಪ್ಸಿ ತಂದಿದ್ದು 1993ರಲ್ಲಿ. ಅದರಲ್ಲಿ ಮುಂದಿನ ಟ್ರ್ಯಾಕ್, ಅಂದರೆ ಎಡ ಬಲ ಚಕ್ರಗಳ ನಡುವಿನ ಅಂತರ, 1210 ಮಿಲಿಮೀಟರ್‌ನಿಂದ 1300ಕ್ಕೆ ಹೋಯಿತು. 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂದಿದ್ದು 1996ರಲ್ಲಿ. ಗುಜರಿಯಲ್ಲಿ ಇವೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. 'ಕಿಂಗ್‌ದು ಸಾರ್' ಅಂದ ಮಾತ್ರಕ್ಕೆ ದುಡ್ಡು ಕೊಡಬೇಡಿ. ಟೇಪ್ ತಗೊಂಡು ಹೋಗಿ, ಎರಡೂ ಕಡೆ ಸ್ಪ್ರಿಂಗ್ ಕೂರುವ ಪ್ಯಾಡ್‌ಗಳ ನಡುವಿನ ದೂರ ಅಳೆಯಿರಿ, ನಿಮ್ಮ ಗಾಡಿಯದರ ಜೊತೆ ಹೋಲಿಸಿ. ಚಕ್ರದ ಚಿಂತೆ ಬೇಡ, ಐದು ಸ್ಟಡ್, 139.7 ಮಿಲಿಮೀಟರ್ ಪಿಸಿಡಿ (ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ), ಹಳೇ ರಿಮ್ಮೇ ಆಗುತ್ತದೆ. ಹಳೇ ರಿಮ್ ಡ್ರಮ್ ಮೇಲೆ ಕೂರುತ್ತಿತ್ತು, ಈಗ ಒಳಗೆ ಡಿಸ್ಕನ್ನು ಪ್ಯಾಡ್‌ನಿಂದ ಹಿಡಿಯುವ ಕ್ಯಾಲಿಪರ್ ಇರುತ್ತದೆ, ಹಾಗಾಗಿ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ.

ಆಮೇಲೆ ಹಲ್ಲು ಎಣಿಸಿ. ಆಕ್ಸಲ್ ನಡುವಿನ ದೊಡ್ಡ ಗೇರ್ ಕ್ರೌನ್‌ನಲ್ಲಿ 37, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್‌ನಲ್ಲಿ 9 ಇದ್ದರೆ ಅನುಪಾತ 4.11. 41ಕ್ಕೆ 11 ಇದ್ದರೆ 3.73. ಮುಂದಿನದೂ ಹಿಂದಿನದೂ ಒಂದೇ ಇರಲೇಬೇಕು. ಜಿಪ್ಸಿಯಲ್ಲಿ ಹಿಂದಿನ ಮುಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ, ಫೋರ್ ಬೈ ಫೋರ್ ಹಾಕಿದ ತಕ್ಷಣ ಆಕ್ಸಲ್‌ಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗಕ್ಕೆ ಬಿಗಿಯುತ್ತವೆ. ಅನುಪಾತ ಬೇರೆ ಇದ್ದರೆ ಒಂದು ಜೊತೆ ಚಕ್ರ ಇನ್ನೊಂದನ್ನು ಎಳೆದಾಡುತ್ತದೆ, ಗಟ್ಟಿ ರಸ್ತೆಯಲ್ಲಾದರೆ ಏನಾದರೊಂದು ಮುರಿಯುತ್ತದೆ. ಈ ಆಕ್ಸಲ್‌ಗಳಲ್ಲಿ ಡಿಫರೆನ್ಷಿಯಲ್ ಗುಂಡು ಪೂರ್ತಿಯಾಗಿ ಹೌಸಿಂಗ್‌ನಿಂದ ಹೊರಗೆ ಬರುತ್ತದೆ. ಚಕ್ರ ತಿರುಗಿಸುವ ಶಾಫ್ಟ್‌ನ ಸ್ಪ್ಲೈನ್ (ತುದಿಯ ಉದ್ದ ಹಲ್ಲುಗಳು) ಹೊಂದಿದರೆ ನಿಮ್ಮ ಹಳೇ ಗುಂಡನ್ನೇ ಹೊಸ ಹೌಸಿಂಗ್‌ಗೆ ಹಾಕಬಹುದು, ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲು) ಮತ್ತೆ ಹೊಂದಿಸುವ ಕೆಲಸ ತಪ್ಪುತ್ತದೆ. ಸ್ಪ್ಲೈನನ್ನೂ ಎಣಿಸಿಯೇ ನೋಡಿ. 22 ಇರುವುದೂ ಇದೆ, 26 ಇರುವುದೂ ಇದೆ.

ಕೆಲಸ ಶುರು ಮಾಡುವ ಮೊದಲು ದಯವಿಟ್ಟು ಇದೊಂದು ಓದಿ. ಹಳೇ ಜಿಪ್ಸಿ, ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಎಷ್ಟೋ ಸಲ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದಿನ ಸಣ್ಣ ಡ್ರಮ್‌ನಲ್ಲಿ ಇರುತ್ತದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಜ್ಯಾಕ್ ಮೇಲೆ ಎದ್ದರೆ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಚಕ್ರ ಆರಾಮಾಗಿ ತಿರುಗುತ್ತದೆ, ಹ್ಯಾಂಡ್‌ಬ್ರೇಕ್ ಎಷ್ಟೇ ಎಳೆದಿರಲಿ. ಶಾಫ್ಟ್ ಬಿಚ್ಚಿದ ಮೇಲಂತೂ ಅದಕ್ಕೆ ಹಿಡಿಯಲು ಏನೂ ಇಲ್ಲ. ಹನುಮಂತನಗರದ ನಮ್ಮ ಇಳಿಜಾರು ಬೀದಿಯಲ್ಲಿ ನನ್ನ ಗಾಡಿ ಹೀಗೇ ಜ್ಯಾಕ್‌ನಿಂದ ಜಾರಿ ಎರಡಡಿ ಮುಂದೆ ಹೋಯಿತು. ನನ್ನ ಕಾಲು ಒಂದು ನಿಮಿಷದ ಹಿಂದೆ ಅಲ್ಲೇ ಇತ್ತು. ಸಮತಟ್ಟು ಜಾಗ ಹುಡುಕಿ, ಮುಂದಿನ ಎರಡೂ ಚಕ್ರಕ್ಕೆ ಎರಡು ಕಡೆಯಿಂದ ಕಲ್ಲು ಕೊಡಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ.

ಬಿಚ್ಚುವುದು, ಕೂರಿಸುವುದು ಹೆಚ್ಚು ಹೇಳುವಂಥದ್ದಲ್ಲ. ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಹೊಸದೇ ತಗೊಳ್ಳಿ, ಜೆಸಿ ರಸ್ತೆಯಲ್ಲಿ ಸಿಗುತ್ತದೆ. ಸ್ಪ್ರಿಂಗ್‌ನ ನಡುವಿನ ಬೋಲ್ಟ್ ತಲೆ ಪ್ಯಾಡ್ ತೂತಿನಲ್ಲಿ ಕೂತಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಬೋಲ್ಟ್‌ಗಳನ್ನು ಓರೆಯಾಗಿ, ಒಂದು ಈ ಕಡೆ ಒಂದು ಆ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಹೌಸಿಂಗ್‌ಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಆಯಿಲ್ ಹಾಕಿ, ಉಸಿರಾಟದ ತೂತು ಮುಚ್ಚಿಕೊಂಡಿದ್ದರೆ ಬಿಡಿಸಿ. ಅದು ಮುಚ್ಚಿದ್ದರೆ ಹೊಸ ಸೀಲೂ ಸೋರುತ್ತದೆ.

ಈಗ ಬ್ರೇಕ್. ನಾನು ಮಾಡಿದ ತಪ್ಪು ಏನೆಂದರೆ ಮುಂದೆ ಡಿಸ್ಕ್ ಹಾಕಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನು ಮಾತ್ರ ನಾಲ್ಕೂ ಡ್ರಮ್ ಇದ್ದ ಕಾಲದ್ದೇ ಉಳಿಸಿಕೊಂಡೆ. ಮೊದಲ ದಿನ ಬನ್ನೇರುಘಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಎಳೆಯುತ್ತಿಲ್ಲ, ಸುಟ್ಟ ವಾಸನೆ. ಇಳಿದು ನೋಡಿದರೆ ಮುಂದಿನ ಎರಡೂ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದ್ದವು. ಪೆಡಲ್ ಬಿಟ್ಟರೂ ಪ್ಯಾಡ್ ಬಿಡುತ್ತಿರಲಿಲ್ಲ. ಕ್ಯಾಲಿಪರ್ ಜಾಮ್ ಆಗಿದೆ ಅಂತ ಎರಡು ಸಲ ಬಿಚ್ಚಿ ತೊಳೆದೆ, ಅದರಲ್ಲಿ ಏನೂ ದೋಷ ಇರಲಿಲ್ಲ. ಡ್ರಮ್‌ಗೆಂದು ಮಾಡಿದ ಎಷ್ಟೋ ಮಾಸ್ಟರ್‌ಗಳಲ್ಲಿ ಪೈಪ್ ಹೊರಡುವ ಜಾಗದಲ್ಲೇ ಒಂದು ಚಿಕ್ಕ ರಬ್ಬರ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಲೈನ್‌ನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್‌ನಲ್ಲಿ ಶೂ ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇರುತ್ತದೆ, ತೊಂದರೆ ಇಲ್ಲ. ಡಿಸ್ಕ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಅಷ್ಟೇ ಒತ್ತಡಕ್ಕೆ ಪ್ಯಾಡ್ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಡಿಸ್ಕ್ ಇದ್ದ ಗಾಡಿಯ ಮಾಸ್ಟರನ್ನೇ ಆಕ್ಸಲ್ ಜೊತೆಗೆ ತಗೊಳ್ಳಿ, ಅದರ ಕಿಟ್ ಮಾತ್ರ ಹೊಸದು ಹಾಕಿಸಿ.

ಮಾಸ್ಟರ್‌ನ ಬೋರ್ (ಒಳ ವ್ಯಾಸ) ಕೂಡ ಕೇಳಿಕೊಳ್ಳಿ. ದೊಡ್ಡದಿದ್ದರೆ ಒಳ್ಳೆಯದು ಅಂತ ಸುಮ್ನೆ ಹಾಕಬೇಡಿ. 20.6 ಮಿಲಿಮೀಟರ್ ಬದಲು 22.2 ಹಾಕಿದರೆ ಪೆಡಲ್ ಒತ್ತಿದಾಗ ಸುಮಾರು 16% ಜಾಸ್ತಿ ಆಯಿಲ್ ಹೋಗುತ್ತದೆ, ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು 14% ಕಮ್ಮಿಯಾಗುತ್ತದೆ. ಡ್ರಮ್‌ನಲ್ಲಿ ಚಕ್ರದ ತಿರುಗಾಟವೇ ಶೂವನ್ನು ಇನ್ನಷ್ಟು ಒಳಗೆ ಎಳೆದು ಬಿಗಿಮಾಡುತ್ತದೆ, ಡಿಸ್ಕ್‌ನಲ್ಲಿ ಆ ಸಹಾಯ ಸಿಗುವುದಿಲ್ಲ. ಕಾಲಿನ ಬಲಕ್ಕೆ ವ್ಯಾಕ್ಯೂಮ್‌ನ ಬಲ ಕೂಡಿಸುವ ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕಿದರೆ ಪೆಡಲ್ ಕಲ್ಲಿನಂತಾಗುತ್ತದೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮೊಣಕಾಲು ಸೋತುಹೋಗುತ್ತದೆ. ಬೂಸ್ಟರ್ ಹಾಕಿಸಿ. ಪೆಟ್ರೋಲ್ ಎಂಜಿನ್ ಇದ್ದರೆ ಇನ್‌ಟೇಕ್‌ನಿಂದಲೇ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್ ಎಂಜಿನ್ ಕೂರಿಸಿಕೊಂಡವರಿಗೆ ಆಲ್ಟರ್‌ನೇಟರ್‌ಗೆ ಅಂಟಿದ ವ್ಯಾಕ್ಯೂಮ್ ಪಂಪ್ ಬೇಕು.

ಬ್ರೇಕ್‌ನ ಹೊಸ ರಬ್ಬರ್ ಹೋಸ್ ಹಾಕಿದ ಮೇಲೆ ಗಾಡಿ ಎತ್ತಿ ಆಕ್ಸಲ್ ಪೂರ್ತಿ ಕೆಳಗೆ ಜೋತಾಡಲು ಬಿಡಿ, ಸ್ಟೇರಿಂಗ್ ಎರಡೂ ಕಡೆ ಕೊನೆ ಮುಟ್ಟುವವರೆಗೆ ತಿರುಗಿಸಿ. ಎಲ್ಲೂ ಎಳೆಯಬಾರದು, ಟೈರ್‌ಗೆ ಉಜ್ಜಬಾರದು. ಹಿಂದಿನ ಆಕ್ಸಲ್‌ಗೆ ಸೇರಿದ, ಭಾರ ನೋಡಿಕೊಂಡು ಒತ್ತಡ ಹಂಚುವ ವಾಲ್ವ್ ನಿಮ್ಮದರಲ್ಲಿದ್ದು ನೀವು ಗಾಡಿ ಎತ್ತರಿಸಿದ್ದರೆ, ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ. ಅದರ ಕಡ್ಡಿಯನ್ನೂ ಅಷ್ಟೇ ಹೊಂದಿಸಬೇಕು. ಬ್ರೇಕ್ ಲೈನ್‌ನ ಗಾಳಿ ತೆಗೆಯುವಾಗ ಮಾಸ್ಟರ್‌ಗೆ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಡಾಟ್ 4 ಬ್ರೇಕ್ ಆಯಿಲ್ ಬಾಟಲಿ ಹೊಸದಾಗಿ ಒಡೆದದ್ದೇ ಇರಲಿ, ತೆರೆದಿಟ್ಟದ್ದು ಗಾಳಿಯ ತೇವ ಕುಡಿದಿರುತ್ತದೆ.

ಕಾಗದದ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ದುಡ್ಡು ಹಾಕುವ ಮೊದಲೇ ನಿಮ್ಮ ಆರ್‌ಟಿಓದಲ್ಲಿ ಕೇಳಿ, 15 ವರ್ಷ ದಾಟಿ ನೋಂದಣಿ ನವೀಕರಿಸುವ ಗಾಡಿಯಾದರಂತೂ ಖಂಡಿತ.

ಎಲ್ಲ ಮುಗಿದ ಮೇಲೆ ಖಾಲಿ ಬಡಾವಣೆಯೊಂದರಲ್ಲಿ ಗಂಟೆಗೆ 20, ಆಮೇಲೆ 30, 40ರ ವೇಗದಲ್ಲಿ ನಿಲ್ಲಿಸಿ ನೋಡಿ. ಗಾಡಿ ಒಂದು ಕಡೆಗೆ ಎಳೆಯಬಾರದು, ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. 100 ಕಿಲೋಮೀಟರ್ ಓಡಿಸಿ ಯು-ಬೋಲ್ಟ್ ಮತ್ತೆ ಬಿಗಿಯಿರಿ. ಅದಾದ ಮೇಲೆ ಒಂದು ಬೆಳಿಗ್ಗೆ ನಂದಿ ಬೆಟ್ಟ ಹತ್ತಿ, ಎರಡನೇ ಗೇರ್‌ನಲ್ಲಿ ಇಳಿದು, ಕೆಳಗೆ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಸಮನಾಗಿ ಕಾದಿರಬೇಕು, ಹಿಂದಿನ ಎರಡು ಅದಕ್ಕಿಂತ ಸ್ವಲ್ಪ ಕಮ್ಮಿ. ಒಂದೇ ಒಂದು ಚಕ್ರ ಉಳಿದವುಗಳಿಗಿಂತ ಜಾಸ್ತಿ ಸುಡುತ್ತಿದ್ದರೆ, ಅದು ಆರುವವರೆಗೆ ಕಾದು, ಮನೆಗೆ ನಿಧಾನವಾಗಿ ಬಂದು, ಅದೊಂದನ್ನು ಬಿಚ್ಚಿ.