ಒತ್ತಕ್ಷರಕ್ಕೂ ಮಳೆಗಾಲಕ್ಕೂ ಒಗ್ಗುವ ಇಂಕ್ ಪೆನ್ನು

ಇಂಕ್ ಪೆನ್ನು ಕೊಳ್ಳುವಾಗ ನಾನು ಮೊದಲು ನೋಡುವುದು ನಿಬ್ಬಿನ ತುದಿಯನ್ನು. ಮೈಬಣ್ಣ, ಹೆಸರು, ಬೆಲೆ ಎಲ್ಲವೂ ಆಮೇಲೆ. ತೀರ್ಥಹಳ್ಳಿಯಲ್ಲಿ ಪಾಠ ಹೇಳುತ್ತ ದಿನವೂ ಪುಟಗಟ್ಟಲೆ ಕನ್ನಡ ಬರೆಯುವ ನನಗೆ, ಪೆನ್ನು ಒತ್ತಕ್ಷರಗಳನ್ನು ಬಿಡಿಸಿ ತೋರಿಸುತ್ತದೆಯೇ, ಮಳೆಗಾಲದಲ್ಲಿ ಥಂಡಿ ಎಳೆದುಕೊಂಡ ಕಾಗದದ ಮೇಲೂ ಗೆರೆ ಹರಡದೆ ನಿಲ್ಲುತ್ತದೆಯೇ ಎಂಬುವೇ ಮುಖ್ಯ.

ಆದ್ದರಿಂದ ಶಿವಮೊಗ್ಗದ ಅಂಗಡಿಗೆ ಹೋಗುವಾಗ ನಾನು ಬಳಸುವ ನೋಟ್‌ಬುಕ್ಕನ್ನೇ ಒಯ್ಯುತ್ತೇನೆ. ಅದರಲ್ಲಿ ಸಹಿ ಹಾಕಿ ನೋಡುವುದಿಲ್ಲ. ‘ತೀರ್ಥಹಳ್ಳಿ’ ಎಂದೂ ‘ರಾಷ್ಟ್ರ’ ಎಂದೂ ಎಂದಿನ ಗಾತ್ರದಲ್ಲಿ ಬರೆಯುತ್ತೇನೆ. ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಬಿಡಿಯಾಗಿ ಕಾಣಬೇಕು, ಳಕಾರದ ಒತ್ತು ಮುದ್ದೆಯಾಗಬಾರದು, ಷಕಾರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳಬಾರದು. ಮೀಡಿಯಂ ನಿಬ್ಬು ಸಾಮಾನ್ಯವಾಗಿ ಇಲ್ಲಿಯೇ ಸೋಲುತ್ತದೆ. ಫೈನ್ ಎಂದು ಗುರುತು ಹಾಕಿದ ನಿಬ್ಬುಗಳೂ ಒಂದೇ ಅಳತೆಯವಲ್ಲ: ಜಪಾನಿನ ಪೈಲಟ್, ಪ್ಲಾಟಿನಂ ಪೆನ್ನುಗಳ ಫೈನ್ ಗೆರೆ ಜರ್ಮನಿಯ ಲ್ಯಾಮಿಯ ಫೈನ್‌ಗಿಂತ ಸಣ್ಣದು. ಹೀಗಾಗಿ ಪೈಲಟ್‌ನಲ್ಲಿ ಫೈನ್, ಲ್ಯಾಮಿಯಲ್ಲಿ ಎಕ್ಸ್‌ಟ್ರಾ ಫೈನ್ ಆರಿಸಿಕೊಳ್ಳುತ್ತೇನೆ. ನಮ್ಮ ದುಂಡಕ್ಷರಕ್ಕೆ ನಿಬ್ಬು ಎಲ್ಲ ದಿಕ್ಕಿಗೂ ತಿರುಗಬೇಕಾದ್ದರಿಂದ, ಕೈ ಒತ್ತದೆ ಇಂಗ್ಲಿಷಿನ ಎಂಟರ ಅಂಕಿಯನ್ನು ಮತ್ತೆ ಮತ್ತೆ ಸುತ್ತಿಸಿ, ಯಾವ ತಿರುವಿನಲ್ಲಾದರೂ ಕೆರೆಯುತ್ತದೆಯೇ ಎಂದು ಗಮನಿಸುತ್ತೇನೆ. ಕೆರೆದರೆ ಭೂತಗನ್ನಡಿಯಲ್ಲಿ ನೋಡಬೇಕು; ನಿಬ್ಬಿನ ನಡುವಿನ ಸೀಳಿನ ಎರಡು ಬದಿಗಳು ಮೇಲೆಕೆಳಗಾಗಿದ್ದರೆ ಸ್ಪಷ್ಟವಾಗಿ ಕಾಣುತ್ತದೆ.

ಚಿನ್ನದ ನಿಬ್ಬಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ. 14 ಕ್ಯಾರಟ್ ಚಿನ್ನವಿರಲಿ, ಸ್ಟೀಲ್ ಇರಲಿ, ಕಾಗದಕ್ಕೆ ತಾಗುವುದು ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಸಣ್ಣ ಗುಂಡು. ಬರವಣಿಗೆಯ ನುಣುಪು ಆ ಗುಂಡನ್ನು ಉಜ್ಜಿದ ರೀತಿಯಿಂದ ಬರುತ್ತದೆ.

ಶಾಯಿ ತುಂಬುವ ವ್ಯವಸ್ಥೆಯಲ್ಲಿ ನನ್ನ ಒಲವು ಕನ್ವರ್ಟರ್ ಕಡೆಗೆ, ಅಂದರೆ ಪೆನ್ನಿನೊಳಗೆ ಕೂರಿಸುವ, ಶಾಯಿ ಹೀರಿಕೊಳ್ಳುವ ಸಣ್ಣ ಕೊಳವೆಯ ಕಡೆಗೆ. ಬ್ಯಾರಲ್‌ಗೇ (ಪೆನ್ನಿನ ಒಡಲಿಗೇ) ನೇರವಾಗಿ ಶಾಯಿ ಹನಿಸುವ, ಎಬೊನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಕೈಯಿಂದ ಕಡೆದ ಪೆನ್ನುಗಳು ಹಿಡಿಯಲು ಬಹಳ ಹಿತ, ಶಾಯಿಯನ್ನೂ ಹೆಚ್ಚು ಹಿಡಿಯುತ್ತವೆ. ಆದರೆ ಶಾಯಿ ಅರ್ಧಕ್ಕಿಂತ ಕೆಳಗಿಳಿದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಹನಿಯನ್ನು ಹೊರತಳ್ಳುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗಲೂ, ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಅದೇ ಆಗಬಹುದು. ಅಂಥ ಪೆನ್ನನ್ನು ಪೂರ್ತಿ ತುಂಬಿಸಿ, ನಿಬ್ಬು ಮೇಲಾಗಿರುವಂತೆ ಜೇಬಿನಲ್ಲಿಟ್ಟು ಒಯ್ಯುತ್ತೇನೆ.

ಶಾಯಿಯ ಆಯ್ಕೆಯನ್ನೂ ಪೆನ್ನಿನ ಜೊತೆಗೇ ಮಾಡಬೇಕು. ಸಾಮಾನ್ಯ ನೀಲಿ ಶಾಯಿಯ ಮೇಲೆ ಕೊಡೆಯ ಒಂದು ಹನಿ ಬಿದ್ದರೂ ಸಾಲು ಕದಡುತ್ತದೆ. ಉಳಿಯಲೇಬೇಕಾದ ಬರಹಕ್ಕೆ ಐರನ್ ಗಾಲ್ ಶಾಯಿ ಬಳಸುತ್ತೇನೆ. ಅದರಲ್ಲಿನ ಕಬ್ಬಿಣದ ಅಂಶ ಗಾಳಿ ತಾಗಿ ಕಪ್ಪಾಗಿ, ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಅದು ಆಮ್ಲೀಯವಾದ್ದರಿಂದ ಸ್ಟೀಲ್ ನಿಬ್ಬಿನಲ್ಲಿ ಒಣಗಲು ಬಿಡದೆ, ಬರೆಯುವುದು ನಿಂತಾಗಲೆಲ್ಲ ಬಿಸಿ ಮಾಡದ ನೀರಿನಲ್ಲಿ ತೊಳೆದಿಡುತ್ತೇನೆ.

ಬರೆದು ನೋಡಲು ಅವಕಾಶವಿಲ್ಲದೆ ಅಂಚೆಯಲ್ಲಿ ತರಿಸಬೇಕಾದಾಗ ಮಾತ್ರ, 1980ರಿಂದ ಮಾರುಕಟ್ಟೆಯಲ್ಲಿರುವ ಲ್ಯಾಮಿ ಸಫಾರಿಯತ್ತ ಹೋಗುತ್ತೇನೆ. ಅದರ ನಿಬ್ಬನ್ನು ಮುಂದಕ್ಕೆ ಎಳೆದು ತೆಗೆಯಬಹುದು. ಬಂದದ್ದು ದಪ್ಪವೆನಿಸಿದರೆ ನಿಬ್ಬನ್ನಷ್ಟೇ ಬೇರೆ ಕೊಂಡರಾಯಿತು.