ತಜ್ಞರ ಅಭಿಪ್ರಾಯಪತ್ರವಿಲ್ಲದೆ ನಡೆಸಿದ ದೂರು: ನನ್ನ ಅನುಭವ

"ಡಾಕ್ಟರ ವಿರುದ್ಧ ಇನ್ನೊಬ್ಬ ಡಾಕ್ಟರು ಬರೆದುಕೊಡದಿದ್ದರೆ ನಿಮ್ಮ ದೂರು ನಿಲ್ಲುವುದಿಲ್ಲ, ಸ್ವಾಮಿ" ಎಂದು ನನಗೆ ಹೇಳಿದ ವಕೀಲರು ಇಬ್ಬರು. ಜಿಲ್ಲಾ ಗ್ರಾಹಕ ಆಯೋಗದ ಆದೇಶ ನಮ್ಮ ಪರವಾಗಿ ಬಂದ ಮೇಲೆ ಅವರಲ್ಲೊಬ್ಬರು ಅದರ ಪ್ರತಿ ಕೇಳಿ ಪಡೆದರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

2021ರ ಆರಂಭದಲ್ಲಿ ನನ್ನ ಪತ್ನಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಎಂಟು ತಿಂಗಳ ಹೊಟ್ಟೆನೋವಿನ ನಂತರ ಬೇರೆ ಊರಿನ ಆಸ್ಪತ್ರೆಯಲ್ಲಿ ಮತ್ತೆ ಹೊಟ್ಟೆ ತೆರೆದಾಗ ಒಳಗೆ ಮಾಪ್ (ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಒರೆಸುವ ಬಟ್ಟೆ) ಸಿಕ್ಕಿತು. ಮೊದಲನೆಯದಕ್ಕೆ ಸುಮಾರು 65 ಸಾವಿರ, ಎರಡನೆಯದಕ್ಕೆ ಎರಡು ಲಕ್ಷಕ್ಕೂ ಮೇಲೆ ಖರ್ಚಾಯಿತು.

ಮುಂದಿನ ಒಂದೂಕಾಲು ವರ್ಷವನ್ನು ನಾನೇ ಹಾಳು ಮಾಡಿಕೊಂಡೆ. ಠಾಣೆಯಲ್ಲಿ ಸರ್ಕಾರಿ ವೈದ್ಯರ ಅಭಿಪ್ರಾಯ ತನ್ನಿ ಎಂದು ಕಳಿಸಿದರು. ವೈದ್ಯಕೀಯ ಪರಿಷತ್ತಿಗೆ ಬರೆದೆ. ಅದು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದೇ ಹೊರತು ನಮಗೆ ಪರಿಹಾರ ಕೊಡಿಸಲಾರದು ಎಂಬುದು ತಡವಾಗಿ ಹೊಳೆಯಿತು. ಮೊದಲ ವಕೀಲರಿಗೆ ಕೊಟ್ಟ 25 ಸಾವಿರ ಮುಂಗಡ ಮರಳಲಿಲ್ಲ. ಅಭಿಪ್ರಾಯಪತ್ರಕ್ಕಾಗಿ ನಾಲ್ಕು ಊರು ಅಲೆದೆ. ಬಾಯಿಮಾತಿನಲ್ಲಿ ತಪ್ಪು ಎಂದು ಒಪ್ಪಿದ ವೈದ್ಯರು ಕಾಗದದ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ.

ಕೊನೆಗೆ ಆಸ್ಪತ್ರೆಯ ಕಾಗದಗಳೇ ಸಾಕ್ಷಿ ಹೇಳಲಿ ಎಂದು ನಿರ್ಧರಿಸಿ, ವಕೀಲರಿಲ್ಲದೆ ನಾನೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆದೆ. ಕೇಸ್ ಶೀಟನ್ನು, ಅಂದರೆ ಚಿಕಿತ್ಸೆಯ ದಾಖಲೆಯನ್ನು, 72 ಗಂಟೆಗಳಲ್ಲಿ ಕೊಡಬೇಕೆಂಬ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯನ್ನು ಉಲ್ಲೇಖಿಸಿ ಮೊದಲ ಆಸ್ಪತ್ರೆಗೆ ಬರೆದ ಎರಡನೆಯ ಪತ್ರಕ್ಕೆ ನೂರ ನಲವತ್ತರಷ್ಟು ಪುಟಗಳು ಬಂದವು. ಎರಡನೆಯ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು 'ಬಾಹ್ಯ ವಸ್ತು' ಎಂಬ ಜಾಣ ಮಾತು ಮಾತ್ರ; ಆದರೆ ಪೆಥಾಲಜಿ ವರದಿಯು ಅದನ್ನು ಅಳತೆ ಸಮೇತ ಬಟ್ಟೆಯೆಂದೇ ವಿವರಿಸಿತ್ತು. ದೂರಿನ ಶುಲ್ಕ ಶೂನ್ಯ, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶುಲ್ಕವು ಕೇಳುವ ಪರಿಹಾರದ ಮೇಲಲ್ಲ, ಚಿಕಿತ್ಸೆಗೆ ಕೊಟ್ಟ ಹಣದ ಮೇಲೆ ನಿಂತಿದೆ, ಅದು ಐದು ಲಕ್ಷ ಮೀರದಿದ್ದರೆ ಏನೂ ಇಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಖಾಸಗಿ ಆಸ್ಪತ್ರೆಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲವಾದ್ದರಿಂದ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೆಪಿಎಂಇ ಕಾಯ್ದೆಯಡಿ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ದೂರು ಕೊಟ್ಟು, ಅಲ್ಲಿಗೆ ಆಸ್ಪತ್ರೆ ಸಲ್ಲಿಸಿದ ಸಮಜಾಯಿಷಿಯನ್ನು ಹತ್ತು ರೂಪಾಯಿಯ ಅರ್ಜಿಯಿಂದ ಪಡೆದೆ. ಮಾಪ್‌ಗಳನ್ನು ಎಣಿಸಿ ಬರೆದಿಟ್ಟಿದ್ದೇವೆ ಎಂದು ಅದರಲ್ಲಿತ್ತು. ಕೇಸ್ ಶೀಟಿನಲ್ಲಿ ಎಣಿಕೆಯ ಅಂಕಣ ಖಾಲಿ ಇತ್ತು.

ಎದುರು ಪಕ್ಷದ ವಾದ ಎರಡು. ಮಾಪ್ ಹಿಂದೆ ಬೇರೆಡೆ ಆದ ಸಿಸೇರಿಯನ್‌ನದು ಎಂಬುದು ಮೊದಲನೆಯದು; ತಮ್ಮ ಕೇಸ್ ಶೀಟಿನಲ್ಲಿಯೇ ಇದ್ದ, ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಕ್ಯಾನ್ ವರದಿಯನ್ನು ಅವರು ಓದಿರಲಿಲ್ಲವೆಂದು ತೋರುತ್ತದೆ, ಅದರಲ್ಲಿ ಅಂಥದ್ದೇನೂ ಕಂಡಿರಲಿಲ್ಲ. ಎರಡನೆಯದು ನಿಜಕ್ಕೂ ಹೆದರಿಸಿತು. ಶಸ್ತ್ರಚಿಕಿತ್ಸೆಯಿಂದ ಎರಡು ವರ್ಷದ ಗಡುವು ಮೀರಿದೆ ಎಂದು ವಾದಿಸಿ, ಹೊಟ್ಟೆಯಲ್ಲಿ ಬಟ್ಟೆ ಉಳಿದ ಪ್ರಕರಣವನ್ನೇ ವಿಳಂಬದ ಕಾರಣಕ್ಕೆ ತಳ್ಳಿಹಾಕಿದ 2010ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಟ್ಟರು. ಅಲ್ಲಿ ರೋಗಿಯು ವರ್ಷಗಟ್ಟಲೆ ನೋವಿದ್ದರೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿ ಹೋಗಿರಲಿಲ್ಲ. ನನ್ನ ಪತ್ನಿ ಅದೇ ಆಸ್ಪತ್ರೆಗೆ ಐದು ಸಲ ಹೋಗಿ ನೋವಿನ ಮಾತ್ರೆ ಬರೆಸಿಕೊಂಡು ಬಂದಿದ್ದಳು, ಓಪಿಡಿ ಚೀಟಿಗಳನ್ನು ಅಕ್ಕಿ ಡಬ್ಬದ ಮೇಲೆ ಜೋಪಾನ ಮಾಡಿದ್ದಳು. ಎಲ್ಲ ಪ್ರಕರಣಕ್ಕೂ ತಜ್ಞರ ಅಭಿಪ್ರಾಯ ಬೇಕಿಲ್ಲ ಎಂಬ ಅದೇ ವರ್ಷದ ಮತ್ತೊಂದು ತೀರ್ಪನ್ನು ನಾನು ಮಂಡಿಸಿದೆ.

ಹನ್ನೆರಡು ಲಕ್ಷ ಕೇಳಿದ್ದೆ, ಬಡ್ಡಿ ಬಿಟ್ಟು ಆರೂವರೆಯಷ್ಟು ಆದೇಶವಾಯಿತು. ಎರಡನೆಯ ಸುತ್ತಿನಲ್ಲಿ ನನ್ನ ಕೈಯಿಂದ ಹೋದದ್ದು ಏಳೆಂಟು ಸಾವಿರ, ಬಹುಪಾಲು ಜೆರಾಕ್ಸ್ ಮತ್ತು ಬಸ್ಸಿಗೆ. ಆಸ್ಪತ್ರೆ ಅರ್ಧ ಹಣ ಠೇವಣಿಯಿಟ್ಟು ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಿದೆ. ಪಾಟಿ ಸವಾಲಿಗೆ ನಾನು ಬರೆದುಕೊಟ್ಟ ಪ್ರಶ್ನಾವಳಿಯನ್ನು ಹಲವರು ಕೇಳಿದ್ದಾರೆ. ಅದರಲ್ಲಿನ ಎರಡು ಪ್ರಶ್ನೆಗಳನ್ನು ಮೇಲ್ಮನವಿ ಮುಗಿಯುವವರೆಗೆ ಯಾರಿಗೂ ಕೊಡುವುದಿಲ್ಲ.