ಎರಡು ಔಷಧಗಳ ಜೋಡಿಯನ್ನು ಪರೀಕ್ಷಿಸುವುದು ಹೇಗೆ?

ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಬಂದರೆ ಪರೀಕ್ಷೆಗೆ ಸಾವಿರಾರು ಜನ ಸಿಗುತ್ತಾರೆ. ಹೇರಿ ಸೆಲ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಆ ಭಾಗ್ಯವಿಲ್ಲ. ನೂರು ಲ್ಯುಕೇಮಿಯಾ ರೋಗಿಗಳನ್ನು ಎಣಿಸಿದರೆ ಈ ಬಗೆಯವರು ಸುಮಾರು ಇಬ್ಬರು. ಅದರಲ್ಲೂ ಹೆಚ್ಚಿನವರು ನಡುವಯಸ್ಸು ದಾಟಿದ ಗಂಡಸರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕೋಶದ ಸುತ್ತ ಕೂದಲಿನಂಥ ಎಳೆಗಳು ಕಾಣುವುದರಿಂದ ಈ ಹೆಸರು. ಅಮೆರಿಕದ ಒಹಾಯೊದಲ್ಲಿ ಬರ್ಥಾ ಬೊರಾಂಕಲ್ ಎಂಬ ವೈದ್ಯೆ 1958ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಈ ಕೋಶಗಳು ಅಸ್ಥಿಮಜ್ಜೆಯನ್ನು ತುಂಬಿಕೊಳ್ಳುತ್ತವೆ, ಗುಲ್ಮ ಊದುತ್ತದೆ, ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳು ಇಳಿಯುತ್ತವೆ, ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಇದಕ್ಕೆ ಒಳ್ಳೆಯ ಕೀಮೋ ಇಲ್ಲವೆಂದಲ್ಲ. 1990ರ ಸುಮಾರಿಗೆ ಬಂದ ಕ್ಲಾಡ್ರಿಬಿನ್‌ನ ಒಂದೇ ಸುತ್ತಿನಲ್ಲಿ ಹೆಚ್ಚಿನ ರೋಗಿಗಳು ವರ್ಷಗಟ್ಟಲೆ ನೆಮ್ಮದಿಯಾಗಿರುತ್ತಾರೆ. ಆದರೆ ಹಲವರಲ್ಲಿ ರೋಗ ಮರಳುತ್ತದೆ. ಮರಳಿದಾಗಲೆಲ್ಲ ಕೀಮೋ ಕೊಟ್ಟರೆ, ಮೊದಲೇ ಸೊರಗಿದ ಮಜ್ಜೆಯನ್ನು ಇನ್ನಷ್ಟು ಒಣಗಿಸಿದಂತಾಗುತ್ತದೆ. ಹಾಗಾಗಿ ಇಟಲಿಯ ಪೆರುಜಾದ ವೈದ್ಯರು ಕೀಮೋ ಇಲ್ಲದ ಎರಡು ಔಷಧಗಳ ಜೋಡಿಯೊಂದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಥ ಪರೀಕ್ಷೆ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಗುರಿ ಸಿಗಬೇಕು

ಪೆರುಜಾದ ಎನ್ರಿಕೊ ತಿಯಾಚ್ಚಿ, ಬ್ರುನಾಂಜೆಲೊ ಫಲಿನಿ ಮತ್ತು ಸಂಗಡಿಗರು ಮಾಡಿದ ಮೊದಲ ಕೆಲಸ ಒಬ್ಬನೇ ರೋಗಿಯ ಕ್ಯಾನ್ಸರ್ ಕೋಶಗಳ ವಂಶವಾಹಿಗಳನ್ನು ಪೂರ್ತಿ ಓದಿದ್ದು. ಅಲ್ಲಿ ಬಿರಾಫ್ ಎಂಬ ವಂಶವಾಹಿಯಲ್ಲಿ ಒಂದು ಅಕ್ಷರದ ತಪ್ಪು ಕಂಡಿತು. ಅದರಿಂದ ಆ ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೊ ಆಮ್ಲ ಇರಬೇಕಾದ ಕಡೆ ಗ್ಲುಟಾಮಿಕ್ ಆಮ್ಲ ಬಂದು ಕೂತಿತ್ತು. ಫಲವಾಗಿ ‘ಬೆಳೆ, ಬದುಕು’ ಎಂದು ಕೋಶಕ್ಕೆ ಹೇಳುವ ಸ್ವಿಚ್ ಆರುವುದೇ ಇಲ್ಲ. ಒಬ್ಬರಲ್ಲಿ ಕಂಡದ್ದು ಆಕಸ್ಮಿಕವಿರಬಹುದಲ್ಲ? ಇನ್ನೂ 47 ರೋಗಿಗಳನ್ನು ನೋಡಿದರು. ಅಷ್ಟೂ ಜನರಲ್ಲಿ ಅದೇ ತಪ್ಪಿತ್ತು. ಇದು 2011ರ ಮಾತು. ಅದೇ ವರ್ಷ ಅದೇ ತಪ್ಪಿನ ಮೇಲೆ ಗುರಿಯಿಟ್ಟ ವೆಮುರಾಫೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗಾಗಿ ಒಪ್ಪಿಗೆ ಸಿಕ್ಕಿತು. ಅಪರೂಪದ ರೋಗಕ್ಕೆಂದೇ ಹೊಸ ಔಷಧ ಕಟ್ಟಲು ಹಣ ಹಾಕುವವರು ಕಡಿಮೆ. ಪಕ್ಕದ ಮನೆಗೆ ಮಾಡಿಸಿದ ಬೀಗದ ಕೈ ನಮ್ಮ ಬಾಗಿಲಿಗೂ ಹೊಂದಿದ ಹಾಗಾಯಿತು.

ಒಂದನ್ನೇ ಕೊಟ್ಟು ನೋಡಬೇಕು

ಜೋಡಿಯನ್ನು ನೇರವಾಗಿ ಕೊಟ್ಟುಬಿಟ್ಟರೆ ಯಾವುದು ಏನು ಮಾಡಿತು ಎಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ವೆಮುರಾಫೆನಿಬ್ ಒಂದನ್ನೇ ಕೊಟ್ಟರು. ಫಲಿತಾಂಶ ಬಂದದ್ದು 2015ರಲ್ಲಿ. ಇಟಲಿಯ 26 ರೋಗಿಗಳಲ್ಲಿ 25 ಮಂದಿಗೆ ಗುಣ ಕಂಡಿತು. ಕೇಳುವುದಕ್ಕೆ ಹಬ್ಬದ ಸುದ್ದಿ. ಆದರೆ ರೋಗ ಪೂರ್ಣವಾಗಿ ಇಳಿದದ್ದು 9 ಮಂದಿಯಲ್ಲಿ ಮಾತ್ರ. ಆ ಒಂಬತ್ತು ಮಂದಿಯಲ್ಲೂ ರೋಗ ಮರಳದೆ ಉಳಿದ ಅವಧಿಯ ಮಧ್ಯಾಂಕ (ಅರ್ಧ ಮಂದಿಯದು ಇದಕ್ಕಿಂತ ಕಡಿಮೆ, ಅರ್ಧ ಮಂದಿಯದು ಹೆಚ್ಚು) 19 ತಿಂಗಳು. ಅರ್ಧಂಬರ್ಧ ಇಳಿದವರಲ್ಲಿ ಆರೇ ತಿಂಗಳು.

ಪತ್ರಿಕೆಯಲ್ಲಿ ‘ಶೇ 96ರಷ್ಟು ಯಶಸ್ಸು’ ಎಂದು ಓದಿದಾಗ ಯಾವ ಯಶಸ್ಸು ಎಂದು ಕೇಳುವ ಅಭ್ಯಾಸ ಒಳ್ಳೆಯದು. ಇಲ್ಲಿ ಶೇ 96 ಮತ್ತು ಶೇ 35 ಎರಡೂ ಒಂದೇ ಪರೀಕ್ಷೆಯ ನಿಜ.

ಏನು ಉಳಿಯಿತೆಂದು ಹುಡುಕಬೇಕು

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಗರಿಕೆಯನ್ನು ಮೇಲಿಂದ ಹೆರೆದರೆ ಗದ್ದೆಯ ಬದು ಚೊಕ್ಕಟವಾಗಿ ಕಾಣುತ್ತದೆ, ಬೇರು ಉಳಿದದ್ದು ಮಳೆ ಬಿದ್ದರೆ ತಿಳಿಯುತ್ತದೆ. ಚಿಕಿತ್ಸೆಯ ಕೊನೆಯಲ್ಲಿ ಮಜ್ಜೆಯ ಚೂರು ತೆಗೆದು ನೋಡಿದಾಗ, ಪೂರ್ಣವಾಗಿ ಇಳಿದಿದೆ ಎಂದುಕೊಂಡವರಲ್ಲೂ ಕ್ಯಾನ್ಸರ್ ಕೋಶಗಳು ಉಳಿದಿದ್ದವು. 13 ರೋಗಿಗಳ ಮಜ್ಜೆಯನ್ನು ಇನ್ನೂ ಆಳವಾಗಿ ಪರಿಶೀಲಿಸಿದರೆ ಆರು ಮಂದಿಯಲ್ಲಿ, ಔಷಧ ಆರಿಸಬೇಕಿದ್ದ ಸಂಕೇತ ಕೋಶದೊಳಗೆ ಇನ್ನೂ ಉರಿಯುತ್ತಿತ್ತು. ಮುಂಬಾಗಿಲು ಮುಚ್ಚಿದರೆ ಕೋಶ ಹಿತ್ತಲಿನ ದಾರಿ ಹುಡುಕಿಕೊಂಡಿತ್ತು.

ಹಾಗಾದರೆ ಮಾತ್ರೆಯ ಪ್ರಮಾಣ ಹೆಚ್ಚಿಸಬಹುದಿತ್ತಲ್ಲವೇ? ಕಷ್ಟ. ವೆಮುರಾಫೆನಿಬ್‌ನಿಂದ ಕೀಲು ನೋಯುತ್ತದೆ, ಮೈಮೇಲೆ ದದ್ದು ಏಳುತ್ತದೆ, ಬಿಸಿಲಿಗೆ ಚರ್ಮ ಸುಡುತ್ತದೆ. ವಿಚಿತ್ರವೆಂದರೆ, ತಪ್ಪಿರುವ ಕೋಶದಲ್ಲಿ ಸಂಕೇತವನ್ನು ಆರಿಸುವ ಈ ಔಷಧ ತಪ್ಪಿಲ್ಲದ ಕೆಲವು ಚರ್ಮದ ಕೋಶಗಳಲ್ಲಿ ಅದೇ ಸಂಕೇತವನ್ನು ಹೊತ್ತಿಸಬಲ್ಲದು. ಹೀಗಾಗಿ ಹೊಸ ಚರ್ಮದ ಗಡ್ಡೆಗಳ ಮೇಲೂ ಕಣ್ಣಿಡಬೇಕು.

(ಪ್ರಯೋಗಾಲಯದಲ್ಲಿ ಕಂಡ ಒಂದು ಸ್ವಾರಸ್ಯ: ರೋಗಿಗಳಿಂದ ತೆಗೆದ ಈ ಕೋಶಗಳಿಗೆ ಬಿರಾಫ್ ತಡೆಯುವ ಔಷಧ ಹಾಕಿದರೆ ಅವುಗಳ ‘ಕೂದಲು’ ಮಾಯವಾಗಿ ಮೈ ನುಣುಪಾಗುತ್ತದೆ. ಕೀಮೋದಲ್ಲಿ ರೋಗಿಯ ತಲೆ ಬೋಳಾದರೆ ಇಲ್ಲಿ ರೋಗದ ತಲೆಯೇ ಬೋಳು.)

ಬೇರೆ ದಾರಿಯ ಜೊತೆಗಾರ

ಎರಡನೆಯ ಔಷಧ ಮೊದಲನೆಯದರ ತಮ್ಮನಂತಿದ್ದರೆ ಪ್ರಯೋಜನ ಕಡಿಮೆ. ಅದು ಬೇರೆ ದಾರಿಯಲ್ಲಿ ಹೊಡೆಯಬೇಕು, ಅದರ ಅಡ್ಡ ಪರಿಣಾಮವೂ ಬೇರೆಯಾಗಿರಬೇಕು, ಮಜ್ಜೆಯನ್ನು ಬಳಲಿಸಬಾರದು. ಪೆರುಜಾದವರು ಆರಿಸಿದ್ದು ರಿಟುಕ್ಸಿಮ್ಯಾಬ್. ಇದು ಬಿ-ಕೋಶದ (ಈ ಕ್ಯಾನ್ಸರ್ ಹುಟ್ಟುವ ಬಗೆಯ ಬಿಳಿ ರಕ್ತಕಣ) ಮೇಲಿರುವ ಸಿಡಿ20 ಎಂಬ ಗುರುತಿಗೆ ಅಂಟಿಕೊಂಡು ದೇಹದ ರಕ್ಷಣಾ ವ್ಯವಸ್ಥೆಯನ್ನು ಅಲ್ಲಿಗೆ ಕರೆಯುವ ಪ್ರತಿಕಾಯ. 1997ರಿಂದ ಬಳಕೆಯಲ್ಲಿರುವುದರಿಂದ ಅದರ ಗುಣದೋಷ ವೈದ್ಯರಿಗೆ ಚೆನ್ನಾಗಿ ಗೊತ್ತು. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಇದರ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿತು. ಒಂದು ಎಚ್ಚರಿಕೆ ಮಾತ್ರ ಮರೆಯುವಂತಿಲ್ಲ: ದೇಹದಲ್ಲಿ ಹೆಪಟೈಟಿಸ್ ಬಿ ವೈರಸ್ ಸದ್ದಿಲ್ಲದೆ ಅಡಗಿದ್ದರೆ ಈ ಔಷಧ ಅದನ್ನು ಕೆರಳಿಸಬಲ್ಲದು. ಆ ರಕ್ತಪರೀಕ್ಷೆಯಾಗದೆ ಮೊದಲ ಡೋಸ್ ಕೊಡಬಾರದು.

ಅಳೆಯುವ ಸೇರನ್ನು ಮೊದಲೇ ತೋರಿಸಬೇಕು

ಭತ್ತ ಅಳೆಯಲು ಕೂತ ಮೇಲೆ ಸೇರು ಬದಲಿಸುವಂತಿಲ್ಲ. ಪರೀಕ್ಷೆಯ ಕರಡಿನಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಯಾವುದನ್ನು ಗೆಲುವೆಂದು ಎಣಿಸುತ್ತೇವೆ ಎಂಬುದನ್ನು. ಇಲ್ಲಿ ಮುಖ್ಯ ಅಳತೆ ಒಂದೇ: ಯೋಜಿಸಿದ ಚಿಕಿತ್ಸೆ ಮುಗಿದಾಗ ಎಷ್ಟು ಮಂದಿಯಲ್ಲಿ ರೋಗ ಪೂರ್ಣವಾಗಿ ಇಳಿದಿದೆ? ಸೇರಿಕೊಂಡವರು ಹಿಂದಿನ ಚಿಕಿತ್ಸೆಗೆ ಬಗ್ಗದ ಅಥವಾ ರೋಗ ಮರಳಿದ 30 ಮಂದಿ. ವೆಮುರಾಫೆನಿಬ್ 960 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, 8 ವಾರ. ರಿಟುಕ್ಸಿಮ್ಯಾಬ್ 18 ವಾರಗಳಲ್ಲಿ 8 ಡೋಸ್. ಮಾತ್ರೆ ನಿಂತ ಮೇಲೂ ಪ್ರತಿಕಾಯ ಮುಂದುವರಿಯುತ್ತದೆ ಎಂಬುದನ್ನು ಗಮನಿಸಿ. ಉಳಿದ ಬೇರನ್ನು ಕೀಳುವ ಕೆಲಸ ಅದರದ್ದು.

ಎಣಿಸುವಾಗ ಕೆಳಗಿನ ಅಂಕಿಯನ್ನು ನೋಡಿ

30ರಲ್ಲಿ 26 ಮಂದಿ, ಅಂದರೆ ಶೇ 87ರಷ್ಟು ಜನರಲ್ಲಿ ರೋಗ ಪೂರ್ಣವಾಗಿ ಇಳಿಯಿತು. ಕೆಳಗಿನ ಅಂಕಿ 30 ಎಂಬುದೇ ಮುಖ್ಯ. ಹೆಸರು ಬರೆಸಿದ ಪ್ರತಿಯೊಬ್ಬರನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ನಡುವೆ ಬಿಟ್ಟವರನ್ನು ಸದ್ದಿಲ್ಲದೆ ತೆಗೆದರೆ ಯಾವ ಔಷಧವೂ ಚಿನ್ನವಾಗುತ್ತದೆ. ಪ್ಲೇಟ್‌ಲೆಟ್ ಕೊರತೆ ನೀಗಿದ ಸಮಯದ ಮಧ್ಯಾಂಕ ಎರಡು ವಾರ, ಸೋಂಕಿನೊಡನೆ ಸೆಣಸುವ ನ್ಯೂಟ್ರೋಫಿಲ್‌ಗಳದ್ದು ನಾಲ್ಕು ವಾರ. ಇಳಿದ 26 ಮಂದಿಯಲ್ಲಿ 17 ಮಂದಿಯ ಮಜ್ಜೆಯಲ್ಲಿ ಸೂಕ್ಷ್ಮ ಪರೀಕ್ಷೆಗೂ ರೋಗದ ಕುರುಹು ಸಿಗಲಿಲ್ಲ. ಮಾತ್ರೆಯೊಂದನ್ನೇ ಕೊಟ್ಟಾಗ ಆಗದೇ ಉಳಿದ ಕೆಲಸ ಇದೇ.

ಆದರೆ 30 ಎಂಬುದು ಸಣ್ಣ ಗುಂಪು. ಸಂಖ್ಯಾಶಾಸ್ತ್ರದ ಸೂತ್ರ ಹಾಕಿದರೆ ನಿಜವಾದ ಪ್ರಮಾಣ ಸುಮಾರು ಶೇ 69ರಿಂದ ಶೇ 96ರ ನಡುವೆ ಎಲ್ಲಾದರೂ ಇರಬಹುದು. ಒಂಟಿ ಮಾತ್ರೆಯ 26ರಲ್ಲಿ 9ಕ್ಕೂ ಹಾಗೇ ಮಾಡಿದರೆ ಶೇ 17ರಿಂದ ಶೇ 56 ಬರುತ್ತದೆ. ಜೋಡಿಯ ಅತಿ ಕೆಟ್ಟ ಅಂದಾಜೂ ಒಂಟಿಯ ಅತಿ ಒಳ್ಳೆಯ ಅಂದಾಜಿಗಿಂತ ಮೇಲಿದೆ. ತಾನಾಗಿ ಪೂರ್ಣ ವಾಸಿಯಾಗುವ ರೋಗವೂ ಇದಲ್ಲ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದಿದ್ದರೂ ಈ ಫಲಿತಾಂಶವನ್ನು ನಂಬಲು ಧೈರ್ಯ ಬರುವುದು ಅದಕ್ಕೇ. ಆದರೂ ಎರಡು ಪರೀಕ್ಷೆಗಳ ರೋಗಿಗಳು ಬೇರೆ ಬೇರೆ ಎಂಬ ಕೊರತೆ ಉಳಿದೇ ಇದೆ.

‘ರೋಗಿಗಳೇ ಇಲ್ಲದಾಗ ಚೀಟಿ ಎತ್ತಿ ಎರಡು ಗುಂಪು ಮಾಡುವುದೆಲ್ಲಿ ಬಂತು’ ಎನ್ನುವವರಿದ್ದಾರೆ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇದೇ ರೋಗದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 68 ರೋಗಿಗಳನ್ನು ಹಾಗೆ ಹಂಚಿ, ಕ್ಲಾಡ್ರಿಬಿನ್ ಜೊತೆಗೇ ರಿಟುಕ್ಸಿಮ್ಯಾಬ್ ಕೊಡುವುದನ್ನೂ ತಡವಾಗಿ ಕೊಡುವುದನ್ನೂ ಹೋಲಿಸಿತು. 2020ರ ವರದಿಯಲ್ಲಿ ಆರು ತಿಂಗಳ ಹೊತ್ತಿಗೆ ರೋಗದ ಸೂಕ್ಷ್ಮ ಕುರುಹೂ ಇಲ್ಲದವರು ಜೊತೆಗೇ ಪಡೆದವರಲ್ಲಿ ಶೇ 97, ಅಲ್ಲಿಯವರೆಗೆ ಕ್ಲಾಡ್ರಿಬಿನ್ ಮಾತ್ರ ಪಡೆದಿದ್ದವರಲ್ಲಿ ಶೇ 24. ವ್ಯತ್ಯಾಸ ಇಷ್ಟು ದೊಡ್ಡದಿದ್ದರೆ 68 ಮಂದಿಯೇ ಸಾಕು.

ನಿಮ್ಮ ಮನೆಯವರನ್ನು ಕೇಳಿದರೆ

ಅಪರೂಪದ ರೋಗಗಳ ಪರೀಕ್ಷೆಗಳು ನಮ್ಮ ದೇಶದಲ್ಲೂ ನಡೆಯುತ್ತವೆ. ವೈದ್ಯರು ‘ಸೇರುತ್ತೀರಾ’ ಎಂದು ಕೇಳಿದರೆ ಸಮ್ಮತಿಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆದು ಮನೆಗೆ ತಂದು ಓದಿ. ಪರೀಕ್ಷೆಗೆ ಸಿಟಿಆರ್‌ಐ (ಭಾರತದಲ್ಲಿ ನಡೆಯುವ ಇಂಥ ಪರೀಕ್ಷೆಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಇರಬೇಕು. ಅದನ್ನು ಆ ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಮುಖ್ಯ ಅಳತೆ ಏನು, ಎಷ್ಟು ರೋಗಿಗಳು, ಯಾವ ಆಸ್ಪತ್ರೆಗಳು ಎಂಬುದೆಲ್ಲ ಪುಕ್ಕಟೆ ಕಾಣುತ್ತದೆ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆಯ ವೆಚ್ಚ ಯಾರದ್ದು ಎಂಬುದನ್ನು ಪತ್ರದಲ್ಲಿ ಬೆರಳಿಟ್ಟು ತೋರಿಸಿ ಎನ್ನಿ. ನಡುವೆ ಬಿಟ್ಟು ಬರುವ ಹಕ್ಕು ನಿಮಗಿದೆ. ಹಾಗೆ ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಇನ್ನು ಜೋಡಿ ಔಷಧವಾದರೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ಇವುಗಳಲ್ಲಿ ಒಂದನ್ನೇ ಕೊಟ್ಟಾಗ ಏನು ಉಳಿದಿತ್ತು?